ಕಂಬಳಿ ಹೊದ್ದು ಉಣ್ಣುವ ಮೀನುಗಳು

ಹಿತ್ತಲಿನ ಬಾವಿಕಟ್ಟೆಯ ಪಕ್ಕ ಕುಳಿತು ತಾಮ್ರದ ಕೊಡಕ್ಕೆ ಹುಣಸೆಹಣ್ಣು ತಿಕ್ಕುತ್ತಿದ್ದೆ. ಅರ್ಧ ಕೊಡ ಬೆಳಗಿ ಕೆಂಪಗಾಗಿತ್ತು, ಇನ್ನರ್ಧ ಕಪ್ಪಗೇ ಇತ್ತು. ಅಷ್ಟರಲ್ಲಿ ನಮ್ಮ ಮನೆಯವರು ಹಿಂದಿನ ಬಾಗಿಲಲ್ಲಿ ಬಂದು ನಿಂತರು. ಒಮ್ಮೆ ಅಂಗಡಿ ತೆರೆದರೆ ಮಧ್ಯಾಹ್ನದ ಊಟಕ್ಕಲ್ಲದೆ ಮನೆಗೆ ಬರುವವರಲ್ಲ. ಟೊಪ್ಪಿಗೆ ಕೈಯಲ್ಲಿತ್ತು. ಅವರ ಹಿಂದೆ ಬಸಪ್ಪ. ಬನವಾಸಿ ಕಡೆಯ ನಮ್ಮೂರಿನಲ್ಲಿ ನಮ್ಮ ಭಾವನವರ ಹೊಲ ನೋಡಿಕೊಳ್ಳುವ ಆಳು. ಆಗಷ್ಟೇ ಬಸ್ಸಿಳಿದು ಬಂದಿದ್ದ. ಹೆಗಲ ಮೇಲಿನ ವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದುಕೊಂಡಿದ್ದ.

"ನೀಲಾ, ಅವ್ವ ಹೋದ್ಲು," ಅಂದರು ಇವರು.

ನನ್ನ ಕೈ ಕೊಡದ ಮೇಲೆ ಇನ್ನೂ ಒಂದೆರಡು ಸುತ್ತು ತಿರುಗಿತು. ಕಿವಿಗೆ ಬಿದ್ದ ಸುದ್ದಿ ಕೈಗೆ ಮುಟ್ಟಲು ಸ್ವಲ್ಪ ಹೊತ್ತು ಹಿಡಿಯುತ್ತದೆ ಅಂತ ಕಾಣುತ್ತದೆ.

ಇವರು ಬಾಡಿಗೆ ಕಾರು ಹುಡುಕಲು ಪೇಟೆಗೆ ಹೋದರು. ಬಸಪ್ಪ ಮೆಟ್ಟಿಲ ಮೇಲೆ ಕುಳಿತ. ಅವನಿಗೆ ಒಂದು ತಂಬಿಗೆ ನೀರು ಕೊಟ್ಟು, ಒಂದೇ ಮಾತು ಕೇಳಿದೆ: "ಬಸಪ್ಪಾ, ಅತ್ತಿ ಏನರ ಉಂಡಿದ್ರೇನು?"

ಸಾವಿನ ಸುದ್ದಿ ತಂದವನನ್ನು ಮೊದಲು ಕೇಳುವ ಮಾತು ಇದಲ್ಲ ಅಂತ ನೀವು ಅನ್ನಬಹುದು. ಹೇಗೆ ಹೋದರು, ಯಾರಿದ್ದರು ಹತ್ತಿರ, ಏನಾದರೂ ಹೇಳಿದರಾ ಅಂತ ಕೇಳುವುದು ಲೋಕರೂಢಿ. ನಾನು ಊಟದ ಮಾತು ಯಾಕೆ ತೆಗೆದೆ ಅನ್ನುವುದನ್ನು ಹೇಳಬೇಕಾದರೆ ನಮ್ಮ ಮನೆಯ ಮೀನುಗಳಿಂದ ಸುರುಮಾಡಬೇಕು.

ಶಿರಸಿ ಪೇಟೆಯ ಓಣಿಯೊಂದರಲ್ಲಿ ನಮ್ಮದು ಬಾಡಿಗೆ ಮನೆ. ಇವರದು ದೇವರ ಪಟಗಳಿಗೆ ಕಟ್ಟು ಹಾಕುವ, ಕಿಟಕಿಗೆ ಗಾಜು ಕೂರಿಸುವ ಅಂಗಡಿ. ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷ, ಮರಾಠಿ ಮಾತಿನ ರೇಂಜರ ಸಾಹೇಬರೊಬ್ಬರು ತಮ್ಮ ಸೀಮೆಗೆ ಹೊರಟರು. ಅವರ ಬಂಗಲೆಯಲ್ಲಿ ಕಬ್ಬಿಣದ ಚೌಕಟ್ಟಿನ ಒಂದು ಗಾಜಿನ ತೊಟ್ಟಿ ಇತ್ತು. ಅದಕ್ಕೆ ಗಾಜು ಕೂರಿಸಿ ಪುಟ್ಟಿ ಮೆತ್ತಿದವರು ಇವರೇ. ಲಾರಿಯ ಮೇಲೆ ಹಾಕಿದರೆ ದಾರಿಯಲ್ಲೇ ಒಡೆಯುತ್ತದೆ ಅಂತ ಸಾಹೇಬರು ಅದನ್ನು ಮೀನುಗಳ ಸಮೇತ ಇವರಿಗೇ ಕೊಟ್ಟರು. ದಿನಾ ಒಂದಿಷ್ಟು ಹಳೆಯ ನೀರು ತೆಗೆದು ಹೊಸ ನೀರು ಹಾಕಬೇಕು, ಒಮ್ಮೆಲೇ ಎಲ್ಲ ಬದಲಿಸಬಾರದು ಅಂತ ಹೇಳಿಕೊಟ್ಟರು. ಭಾರದ ವಸ್ತು ಅಂತ ಇವರು ಅದನ್ನು ಪಡಸಾಲೆಯ ಮೂಲೆಯಲ್ಲಿ, ನೆಲಕ್ಕೆ ಹತ್ತಿ ಒಂದು ದಪ್ಪ ಹಲಗೆಯ ಮೇಲೆ ಇಟ್ಟರು.

ಅತ್ತೆ ಅವತ್ತು ಹೊಸ್ತಿಲು ದಾಟಿ ಒಳಗೆ ಬರಲಿಲ್ಲ.

"ಲಿಂಗವಂತರ ಮನ್ಯಾಗ ಮೀನ ತಂದಿಟ್ಟಿಯಲ್ಲೋ! ನಾಳಿ ಓಣ್ಯಾಗ ತಲಿ ಎತ್ತಿ ಹೆಂಗ ಅಡ್ಡಾಡ್ಲಿ?"

"ತಿನ್ನಾಕಲ್ಲಬೇ ಅವ್ವಾ, ನೋಡಾಕ."

"ನೋಡಾಕ ದೇವರ ಪಟ ಕಡಿಮಿ ಬಿದ್ದಾವೇನು ನಿನ್ನ ಅಂಗಡ್ಯಾಗ?"

ನಾನು ಅಡುಗೆಮನೆಯಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ನನಗೂ ಮನಸ್ಸಿನಲ್ಲಿ ಅಳುಕು ಇತ್ತು ಅನ್ನಿ. ನನ್ನ ತವರಿನಲ್ಲಿ ಮೀನು ಅನ್ನುವ ಮಾತನ್ನೇ ಆಡುತ್ತಿರಲಿಲ್ಲ. ಆಡಲೇಬೇಕಾಗಿ ಬಂದರೆ "ನೀರಾಗಿನವು" ಅನ್ನುತ್ತಿದ್ದರು. ಸಣ್ಣವಳಿದ್ದಾಗ ಅವ್ವ ವರದಾ ಹೊಳೆಗೆ ಬಟ್ಟೆ ಒಗೆಯಲು ಹೋದರೆ ನಾನೂ ಬೆನ್ನು ಹತ್ತುತ್ತಿದ್ದೆ. ಮೊಣಕಾಲುದ್ದ ನೀರಲ್ಲಿ ಅಲುಗಾಡದೆ ನಿಂತರೆ ಸಣ್ಣ ಸಣ್ಣ ಮೀನು ಬಂದು ಕಾಲಿನ ಬೆರಳು ಕಚ್ಚುತ್ತಿದ್ದವು. ಕಚಗುಳಿಗೆ ನಾನು ಕಿಲಕಿಲ ನಗುವುದು, ಅವ್ವ "ಬಾರ ಈಚೆ, ಮೈಲಿಗೆ" ಅಂತ ರಟ್ಟೆ ಹಿಡಿದು ಎಳೆಯುವುದು. ಆ ಕಚಗುಳಿಯ ಋಣ ಇಷ್ಟು ವರ್ಷದ ಮೇಲೆ ಗಾಜಿನ ತೊಟ್ಟಿಯಲ್ಲಿ ಕುಳಿತು ಮನೆಗೆ ಬಂತು ಅಂದುಕೊಂಡೆ.

ತೊಟ್ಟಿಯಲ್ಲಿ ಎರಡು ಜಾತಿಯವು ಇದ್ದವು. ಸಾಹೇಬರು ಮುಂಬಯಿಯಿಂದ ತರಿಸಿದ ಕೆಂಪು ಮೀನುಗಳು ಯಾವಾಗಲೂ ಮೇಲೆಯೇ ತಿರುಗುತ್ತ, ಮನುಷ್ಯರ ನೆರಳು ಕಂಡರೆ ಬಾಯಿ ತೆರೆಯುತ್ತ ಇರುತ್ತಿದ್ದವು. ಮದುವೆ ಮನೆಯಲ್ಲಿ ಪಂಕ್ತಿಗೆ ಮೊದಲು ನುಗ್ಗುವವರ ಹಾಗೆ. ಇನ್ನೊಂದು ಜಾತಿಯವು ಕಣ್ಣಿಗೇ ಬೀಳುತ್ತಿರಲಿಲ್ಲ. ಅವನ್ನು ಸಾಹೇಬರ ಗಾರ್ಡು ಯಲ್ಲಾಪುರದಾಚೆ ಅರಬೈಲ್ ಘಟ್ಟದ ಹಳ್ಳವೊಂದರಲ್ಲಿ ಹಿಡಿದು ತಂದಿದ್ದನಂತೆ. ಬೆರಳುದ್ದದ, ಹಳದಿ ಮೈಗೆ ಕಂದು ಪಟ್ಟೆ ಸುತ್ತಿದ, ಮೂತಿಯ ಸುತ್ತ ಸಣ್ಣ ಮೀಸೆಗಳಿರುವ ನಾಲ್ಕು ಮೀನು. ಹಗಲೆಲ್ಲ ತಳದ ಕಲ್ಲುಗಳ ಸಂದಿನಲ್ಲಿ, ಮರಳಿನಲ್ಲಿ ಹುದುಗಿರುವುದು; ಹೊತ್ತು ಮುಳುಗಿ ಮಬ್ಬಾದ ಮೇಲೆ ಹೊರಗೆ ಬರುವುದು. ಅವುಗಳ ಹೆಸರು ನಮಗೆ ಗೊತ್ತಿರಲಿಲ್ಲ. ತಳದ ಮೀನು ಅನ್ನುತ್ತಿದ್ದೆವು. ನಿಜ ಹೇಳಬೇಕೆಂದರೆ ಬಹಳ ದಿನ ನಾವು ಅವನ್ನು ಏನೂ ಅನ್ನುತ್ತಿರಲಿಲ್ಲ, ಅವು ಇವೆ ಅನ್ನುವುದೇ ನೆನಪಿರಲಿಲ್ಲ.

ಇನ್ನು ಅತ್ತೆಯ ಒಂದು ನೇಮ ಹೇಳಬೇಕು. ತಮ್ಮ ಮುಂದೆ ಹೊರಗಿನದೊಂದು ಜೀವ ಉಂಡೇಳದೆ ಅವರು ತುತ್ತು ಮುಟ್ಟುತ್ತಿರಲಿಲ್ಲ. ಮೊದಲು ಜಂಗಮರು. ಜಂಗಮರು ಸಿಗದ ದಿನ ಓಣಿಯಲ್ಲಿ ಹಾಯುವವರು ಯಾರಾದರೂ ಸರಿ. ಬಳೆಗಾರ, ಹಗ್ಗ ಮಾರುವವನು, ಬಸ್ಸು ತಪ್ಪಿಸಿಕೊಂಡ ಪರವೂರಿನವರು. ಅಂಚೆಯವನಂತೂ ಮಧ್ಯಾಹ್ನ ನಮ್ಮ ಓಣಿಗೆ ಕಾಲಿಡುವುದನ್ನೇ ಬಿಟ್ಟಿದ್ದ. "ಅಮ್ಮಾರ ಕೈಗೆ ಸಿಕ್ಕರೆ ಉಂಡು ಮಲಗಬೇಕು, ಟಪಾಲು ಹಂಚುವುದು ಆಗುವುದಿಲ್ಲ" ಅಂತ ಇವರ ಅಂಗಡಿಯಲ್ಲೇ ನಮ್ಮ ಪತ್ರ ಕೊಟ್ಟು ಪಾರಾಗುತ್ತಿದ್ದ. ಯಾರೂ ಸಿಗದ ದಿನ ಅತ್ತೆ ತಲೆಗೆ ಸೆರಗು ಹೊದ್ದು ಗುಡಿಯ ಕಟ್ಟೆಯವರೆಗೆ ನಡೆದು, ಅಲ್ಲಿ ಕುಳಿತವರಲ್ಲಿ ಒಬ್ಬರನ್ನು ಕರೆದುಕೊಂಡೇ ಬರುತ್ತಿದ್ದರು. ನಾನು ಒಲೆ ಮುಂದೆ ಕುಳಿತು ಬೆವರುತ್ತ ಗೊಣಗುತ್ತಿದ್ದೆ. ಈಗ ಆ ಗೊಣಗಾಟವೂ ಒಂದು ಸುಖದ ಕಾಲದ್ದು ಅನ್ನಿಸುತ್ತದೆ.

ಒಂದು ಕಾರ್ತಿಕ ಸೋಮವಾರ ದೀಪ ಹಚ್ಚಿ ಇಳಿದು ಬರುವಾಗ, ಗುಡಿಯ ಮೆಟ್ಟಿಲ ಮೇಲೆ ಎಣ್ಣೆ ಚೆಲ್ಲಿದ ಕಡೆ ಅತ್ತೆಯ ಕಾಲು ಜಾರಿತು. ತೊಡೆಯ ಮೂಳೆ ಮುರಿದಿದೆ, ಈ ವಯಸ್ಸಿಗೆ ಕೂಡುವುದಿಲ್ಲ ಅಂದರು ಡಾಕ್ಟರು. ತಲೆಗೆ ಪೆಟ್ಟಾಗಲಿಲ್ಲ, ಮಾತು ಹೋಗಲಿಲ್ಲ. ಅಷ್ಟಾದರೂ ಶಿವ ನಡೆಸಿಕೊಟ್ಟ. ಪಡಸಾಲೆಯಲ್ಲಿ ನೆಲದ ಮೇಲೆ ಹಾಸಿಗೆ ಮಾಡಿದೆವು. ಎಡಮಗ್ಗಲಿಗೆ ಮಾತ್ರ ಮಲಗಲು ಸಾಧ್ಯ. ಎಡಮಗ್ಗಲಿಗೆ ಮಲಗಿದರೆ ಅವರ ಮುಖಕ್ಕೆ ಎದುರಾಗಿ ಮೀನಿನ ತೊಟ್ಟಿ, ಅದೂ ತೊಟ್ಟಿಯ ತಳ. ಅದನ್ನು ತೆಗೆದರೆ ಎದುರಿಗೆ ಬರೀ ಗೋಡೆ. ಬೇರೆ ಕಡೆ ಇಡೋಣ ಅಂತ ಇವರು ಹೊರಟಾಗ ಅತ್ತೆಯೇ ಬೇಡ ಅಂದರು. "ಇರ್ಲಿ ಬಿಡು. ಗ್ವಾಡಿಕಿಂತ ಮೀನ ವಾಸಿ."

ಮೊದಲ ದಿನಗಳಲ್ಲಿ ಮನೆ ತುಂಬ ಜನ. ಹಣ್ಣು ತಂದವರು, ತೈಲ ತಂದವರು, ತಮ್ಮ ಕಡೆ ಯಾರೋ ಇದೇ ತರಹ ಬಿದ್ದು ಎದ್ದು ಓಡಾಡಿದ್ದನ್ನು ಹೇಳಲು ಬಂದವರು. ಅವರಲ್ಲಿ ಒಬ್ಬರನ್ನು ಉಣ್ಣಿಸಿ ಅತ್ತೆ ಉಣ್ಣುತ್ತಿದ್ದರು. ದಿನ ಹೋದಂತೆ ಜನ ಕಡಿಮೆಯಾದರು. ಬಂದವರೂ ಮೂಗಿಗೆ ಸೆರಗು ಹಿಡಿದು, ಕುಳಿತಂತೆ ಮಾಡಿ ಎದ್ದರು. ಎಷ್ಟು ತೊಳೆದರೂ ಹಾಸಿಗೆ ಹಿಡಿದ ಮುದುಕಿಯ ವಾಸನೆ ಪಡಸಾಲೆ ಬಿಟ್ಟು ಹೋಗುವುದಿಲ್ಲ. ಅಲ್ಲಿ ಎಲೆ ಹಾಕಿಸಿಕೊಂಡು ಯಾರು ಉಣ್ಣುತ್ತಾರೆ? ಕಡೆಗೆ ಯಾರೂ ಬಾರದ ದಿನ ಒಂದು ಬಂದೇ ಬಂತು.

"ಅತ್ತಿ, ಉಣ್ರಿ," ಅಂತ ತಾಟು ತಂದಿಟ್ಟೆ.

"ಯಾರರ ಉಂಡ್ರೇನು?"

"ನಿಮ್ಮ ಮಗ ಉಂಡಾರ್ರಿ."

"ಮಗ ಉಂಡದ್ದು ಮನಿ ಊಟ. ಅದು ಬ್ಯಾರೆ. ಮುಚ್ಚಿಡು ತಾಟ."

ಮಾರನೆಯ ದಿನವೂ ಹಾಗೇ. ಇವರು ಅಂಗಡಿಗೆ ಬಂದ ಗಿರಾಕಿಯೊಬ್ಬನನ್ನು ಬೇಡಿಕೊಂಡು ಕರೆತಂದರು. ಅವನು ಎರಡು ತುತ್ತು ತಿಂದು ಎದ್ದ. ಅತ್ತೆಯೂ ಎರಡೇ ತುತ್ತು ತಿಂದರು. ಹೀಗೆ ಎಷ್ಟು ದಿನ ಅಂತ ನನಗೆ ಹೆದರಿಕೆಯಾಯಿತು. ಮುದಿ ಜೀವ, ಊಟ ಬಿಟ್ಟರೆ ಉಳಿಯುತ್ತದೆಯೇ?

ಆಗ ಒಂದು ಮಧ್ಯಾಹ್ನ ಮೀನಿಗೆ ಅಗಳು ಹಾಕುತ್ತಿದ್ದೆ. ಅತ್ತೆ ಕರೆದರು. "ನೀಲಾ, ಬಾ ಇಲ್ಲೆ. ನನ್ನ ಹಂಗ ಮಲಗಿ ನೋಡು. ಮ್ಯಾಲಿನವು ತಿಂದು ತಿಂದು ಹೊಟ್ಟಿ ಬಿಟ್ಟಾವ. ತಳದಾಗಿನವಕ್ಕ ಒಂದ ಅಗಳೂ ಮುಟ್ಟವಲ್ದು."

ನೆಲಕ್ಕೆ ಕೆನ್ನೆ ಹಚ್ಚಿ ನೋಡಿದೆ. ಹೌದು. ನಾವು ಹಾಕಿದ್ದೆಲ್ಲ ಮೇಲೆಯೇ ಖರ್ಚಾಗುತ್ತಿತ್ತು. ಕಲ್ಲಿನ ಸಂದಿನಿಂದ ಎರಡು ಮೀಸೆ ಆಚೆ ಬಂದು, ಖಾಲಿ ಮರಳನ್ನು ಮುಟ್ಟಿ ನೋಡಿ ಒಳಗೆ ಹೋದವು. ಹೊಟ್ಟೆ ಬೆನ್ನಿಗೆ ಹತ್ತಿತ್ತು.

"ಮನ್ಯಾಗ ನಾಲ್ಕು ಜೀವ ಉಪವಾಸ ಇಟಗೊಂಡು ಓಣ್ಯಾಗ ಮಂದಿ ಹುಡುಕಿದ್ನಲ್ಲ," ಅಂದರು ಅತ್ತೆ. "ಅವು ಉಣ್ಲಿ. ಆಮ್ಯಾಲ ನಂಗ ನೀಡು."

ಸಂಜೆ ಇವರಿಗೆ ಹೇಳಿದಾಗ ನಕ್ಕರು. "ಅವ್ವಾ, ಮೀನಿಗೆ ದಾಸೋಹ ಮಾಡ್ತೀಯೇನು?"

"ಕರಕೊಂಡು ಬಂದಾಂವ ನೀನು. ಉಣಸಾಕಿ ನಾನು. ನಗಾಕ ಏನದ ಇದ್ರಾಗ?"

ಹೀಗೆ ನಮ್ಮ ಮನೆಯಲ್ಲಿ ಮೀನುಗಳ ಊಟಕ್ಕೂ ಅತ್ತೆಯ ಊಟಕ್ಕೂ ಗಂಟು ಬಿತ್ತು. ನನ್ನ ಪಾಲಿಗೆ ಅದು ದೇವರೇ ತೋರಿಸಿದ ದಾರಿ. ಹೊರಗಿನವರು ಬರಲಿ ಬಿಡಲಿ, ಅತಿಥಿಗಳು ಮನೆಯೊಳಗೇ ಇದ್ದರಲ್ಲ!

ಆದರೆ ಅವಕ್ಕೆ ಉಣ್ಣಿಸುವುದು ಸುಲಭವಿರಲಿಲ್ಲ. ಹೆಸರುಬೇಳೆ ಬೇಯಿಸಿ ಅರೆದು, ಅಕ್ಕಿಹಿಟ್ಟು ಹರಿವೆಸೊಪ್ಪು ಸೇರಿಸಿ ಸಾಸಿವೆಗಿಂತ ತುಸು ದೊಡ್ಡ ಉಂಡೆ ಕಟ್ಟಿ ಆವಿಯಲ್ಲಿ ಬೇಯಿಸಿದೆ. ಉಂಡೆ ಮುಳುಗುತ್ತಿತ್ತು, ಆದರೆ ತಳ ಮುಟ್ಟುವ ಮೊದಲೇ ಕೆಂಪಿನವು ಅಟ್ಟಿಸಿಕೊಂಡು ಬಂದು ನುಂಗುತ್ತಿದ್ದವು. ಯೋಚಿಸಿ ಯೋಚಿಸಿ ಒಲೆ ಊದುವ ಬಿದಿರಿನ ಕೊಳವೆಯನ್ನೇ ನೀರಿಗಿಳಿಸಿ, ಅದರೊಳಗಿಂದ ಉಂಡೆಗಳನ್ನು ತಳಕ್ಕೆ ಬಿಟ್ಟೆ. ಸೌತೆಕಾಯಿಯ ಬಿಲ್ಲೆಯಾದರೆ ಸಣ್ಣ ಕಲ್ಲು ಕಟ್ಟಿ ಮುಳುಗಿಸಿದೆ.

"ಒಲಿ ಊದೂ ಕೊಳವಿ ನೀರಾಗ ಅದ್ದಿದಿ," ಅಂದರು ಅತ್ತೆ. "ನಾಳಿ ಊದಿದ್ರ ಕಿಚ್ಚ ಹತ್ತೂದಿಲ್ಲ, ಮೀನ ಹುಟ್ತಾವ ನೋಡು."

ತಳಕ್ಕೇನೋ ಊಟ ಮುಟ್ಟಿತು. ಹಗಲು ಹೊತ್ತು ಅವು ಹೊರಗೆ ಬರಬೇಕಲ್ಲ! ಸಂಜೆಯ ಮಬ್ಬಿನವರೆಗೆ ಅತ್ತೆಯೂ ಕಾಯುತ್ತಿದ್ದರು. ನಾಲಿಗೆ ಒಣಗುತ್ತಿತ್ತು, ಕಣ್ಣು ಒಳಗೆ ಹೋಗುತ್ತಿತ್ತು. ನೋಡಲಾರದೆ ಒಂದು ದಿನ ತವರಿನಿಂದ ತಂದ ಕರಿ ಕಂಬಳಿಯನ್ನು ತೊಟ್ಟಿಯ ಮೇಲೆ ಹೊದಿಸಿದೆ. ಅತ್ತೆಯ ಮುಖದ ಕಡೆ ಮಾತ್ರ ಅಂಚನ್ನು ತುಸು ಎತ್ತಿ ಬಿಟ್ಟೆ.

"ಮಟಮಟ ಮಧ್ಯಾಹ್ನ ಕತ್ತಲಿ ಮಾಡ್ತೀಯಲ್ಲ! ಜಂಗಮಗ ಮೋಸ ಮಾಡ್ತೀಯೇನ?"

"ಮೋಸ ಅಲ್ರಿ ಅತ್ತಿ. ಅತಿಥಿಗೆ ಕಂಬಳಿ ಹೊಚ್ಚೇನಿ. ಬೇಕಾದ್ರ ತೆಗೀಲೇನ್ರಿ?"

ಆಗಲೇ ಕಂಬಳಿಯ ಒಳಗಿನಿಂದ ಟಿಕ್, ಟಿಕ್ ಅಂತ ಸಣ್ಣ ಸಪ್ಪಳ ಬರುತ್ತಿತ್ತು. ತಳದ ಮೀನು ಹಸಿದು ಉಣ್ಣುವಾಗ ಹಾಗೆ ಸದ್ದು ಮಾಡುತ್ತವೆ ಅಂತ ಅವತ್ತೇ ನಮಗೆ ತಿಳಿದದ್ದು. ಅತ್ತೆ ಕಿವಿಗೊಟ್ಟು ಕೇಳಿ, "ಉಣ್ಣಾಕತ್ತಾವ. ನನ್ನ ತಾಟ ತಾ," ಅಂದರು.

ಅಂದಿನಿಂದ ದಿನಾ ಮಧ್ಯಾಹ್ನಕ್ಕೆ ಮೊದಲು ಮೀನಿಗೆ ಕಂಬಳಿ. ಪಕ್ಕದ ಮನೆಯ ಗಂಗಕ್ಕ ಹಾಲಿಗೆ ಹೆಪ್ಪು ಕೇಳಲು ಬಂದವರು ಬಾಗಿಲಲ್ಲೇ ನಿಂತರು. "ಎಂತದೇ ನೀಲಕ್ಕಾ ಇದು, ಮೀನಿಗೆ ಚಳಿಜ್ವರವಾ?" ವಿಷಯ ಹೇಳಿದೆ. "ಆನು ಎಲ್ಲೂ ಕಂಡಿದ್ನಿಲ್ಲೆ ಮಾರಾಯ್ತಿ! ನಮ್ಮನೆ ದನಕ್ಕೂ ಇಷ್ಟು ಉಪಚಾರ ಇಲ್ಲೆ."

"ನಿಮ್ಮ ದನ ಹಸದ್ರ ಒದರತಾವ," ಅಂದರು ಅತ್ತೆ ಹಾಸಿಗೆಯಿಂದ. "ಇವಕ್ಕ ಒದರಾಕ ಬಾಯಿಲ್ಲ ಗಂಗಮ್ಮಾ."

ಇನ್ನೊಂದು ದಿನ ಬೆಳಿಗ್ಗೆ ಒಂದು ಮೀನು ಮರಳ ಮೇಲೆ ಅಡ್ಡ ಬಿದ್ದಿದ್ದನ್ನು ಕಂಡು ನಾನು ಚೀರಿದೆ. ಹಲ್ಲಿ 'ಲೊಚ್' ಅಂದರೂ ಎದೆ ಹಿಡಿದುಕೊಳ್ಳುವವಳು ನಾನು. ಅತ್ತೆ ಗದರಿದರು: "ಸತ್ತಿಲ್ಲ, ಅಳಬ್ಯಾಡ. ಮಗ್ಗಲಾಗಿ ಮಲಗ್ಯಾದ, ನನ್ನ ಹಂಗ. ಹೊತ್ತಾದ ಮ್ಯಾಲ ಏಳ್ತದ." ಸ್ವಲ್ಪ ಹೊತ್ತಿಗೆ ಅದು ಎದ್ದು ಹೋಯಿತು. ಅದು ಹೋದ ಜಾಗವನ್ನೇ ಅತ್ತೆ ನೋಡುತ್ತಿದ್ದರು. "ಅದು ಎದ್ದು ಹೋತು," ಅಂದರು ಮೆಲ್ಲಗೆ. ನಾನು ಕಸಬರಿಗೆ ತೆಗೆದುಕೊಂಡು ಒಳಗೆ ನಡೆದೆ.

ತೊಟ್ಟಿಯ ಪಾಚಿಯ ಜೊತೆ ಬಂದ ಬಸವನಹುಳುಗಳನ್ನು ಈ ಅತಿಥಿಗಳು ತಿಂದು ಬರೀ ಚಿಪ್ಪು ಉಳಿಸಿದ್ದೂ ಅತ್ತೆಯ ಕಣ್ಣಿಗೆ ಬಿತ್ತು. ಒಂದು ದಿನ ಪೂರ್ತಿ ಆ ಚಿಪ್ಪುಗಳನ್ನೇ ನೋಡಿದರು. ಕಡೆಗೆ ತಾವೇ ತೀರ್ಮಾನ ಕೊಟ್ಟರು: "ಅದು ಅದರ ಹುಟ್ಟುಗುಣ. ನಾವು ನೀಡಿದ್ದು ಬ್ಯಾಳಿ. ನಮ್ಮ ಕೈ ಶುದ್ಧ ಅದ."

ಆ ಶುದ್ಧದ ಮಾತೇ ಮುಂದೆ ಮುಳುವಾಯಿತು.

ಅತಿಥಿಗಳಾದ ಮೇಲೆ, ಅಲ್ಲಿಯವರೆಗೆ ಹಾಕುತ್ತಿದ್ದ ಮಣ್ಣಿನ ಕೊಡದ ನೀರು ಅವಕ್ಕೆ ತಕ್ಕುದಲ್ಲ ಅಂತ ಅತ್ತೆಗೆ ಅನ್ನಿಸಿತು. "ಪೂಜಿ ನೀರು ತರೂ ತಾಮ್ರದ ಕೊಡದಾಗ ತಾ. ದಿನಾ ಹುಣಸಿಹಣ್ಣ ಹಚ್ಚಿ ಬೆಳಗು," ಅಂದರು. ನನಗೂ ಸರಿ ಅನ್ನಿಸಿತು. ದಿನಾ ಸಂಜೆ ಕೊಡ ಬೆಳಗಿ, ನೀರು ತುಂಬಿ, ರಾತ್ರಿಯೆಲ್ಲ ತಿಳಿಯಾಗಲು ಬಿಟ್ಟು, ಬೆಳಿಗ್ಗೆ ತೊಟ್ಟಿಗೆ ಹಾಕಿದೆ. ಕೊಡ ಹೊಸ ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ನಮ್ಮ ಬಾವಿಯ ನೀರು ತೀರ ತೆಳು. ಹುಳಿ ತಿಕ್ಕಿದ ತಾಮ್ರದಲ್ಲಿ ರಾತ್ರಿಯೆಲ್ಲ ನಿಂತು ಅದಕ್ಕೊಂದು ಒಗರು ಬರುತ್ತಿತ್ತು. ಅದನ್ನು ನಾವು ತೀರ್ಥದ ರುಚಿ ಅಂದುಕೊಂಡಿದ್ದೆವು.

ಕೆಲವು ದಿನಕ್ಕೆ ತಳದ ಮೀನುಗಳ ಬಣ್ಣ ಇಳಿಯಿತು. ಪಟ್ಟೆಗಳು ಒಗೆದ ಸೀರೆಯ ಅಂಚಿನ ಹಾಗೆ ಮಾಸಿದವು. ಮೈಮೇಲೆ ಬಿಳಿ ಲೋಳೆ ಕಟ್ಟಿತು. ಎಂದೂ ತಳ ಬಿಡದವು ಹಗಲಲ್ಲೇ ಮೇಲೆ ಬಂದು ಗಾಳಿಗೆ ಬಾಯಿ ತೆರೆಯುತ್ತಿದ್ದವು. ಕೆಂಪಿನವು ಮಂಕಾದರೂ ತಡೆದುಕೊಂಡವು. ಕಂಬಳಿ ಹೊದಿಸಿದರೆ ಟಿಕ್ ಟಿಕ್ ಇಲ್ಲ. ಬಿಟ್ಟ ಉಂಡೆ ಬಿಟ್ಟಲ್ಲೇ ಬೂಸ್ಟು ಹಿಡಿಯಿತು.

ಅತ್ತೆ ತಾಟು ಮುಟ್ಟಲಿಲ್ಲ. ಲಿಂಗಪೂಜೆಯ ತೀರ್ಥ ಮಾತ್ರ ತೆಗೆದುಕೊಳ್ಳುತ್ತಿದ್ದರು.

ಇವರು ಹಾಸಿಗೆಯ ಪಕ್ಕ ಕುಳಿತು ಅತ್ತುಬಿಟ್ಟರು. "ಅವ್ವಾ, ನಿನ್ನ ಜೀವಕ್ಕಿಂತ ಮೀನ ದೊಡ್ಡವೇನು?"

"ದೊಡ್ಡವು ಅಂತ ನಾ ಅಂದೆನೇನು? ಮೊದಲ ಅವು, ಆಮ್ಯಾಲ ನಾನು. ಹುಟ್ಟಿದಾಗಿಂದ ಹಿಂಗ ನಡದೈತಿ. ಈಗ ಮಲಗೇನಿ ಅಂತ ಬಿಡ್ಲೇನು?"

ಒಂದು ಸತ್ತಿತು. ಅದರ ಹಿಂದೆಯೇ ಇನ್ನೊಂದು. ಅವನ್ನು ಬೀದಿಗೆ ಬಿಸಾಡಲು ಅತ್ತೆ ಬಿಡಲಿಲ್ಲ. ಚಿಟಿಕೆ ವಿಭೂತಿ ಕೊಟ್ಟು, ದಾಸವಾಳದ ಬುಡದಲ್ಲಿ ಮಣ್ಣು ಕೊಡಿಸಿದರು. ನಾನು ದೇವರಿಗೆ ಇನ್ನೂ ಹೆಚ್ಚು ಹರಕೆ ಹೊತ್ತೆ, ಕೊಡವನ್ನು ಇನ್ನೂ ಹೆಚ್ಚು ಬೆಳಗಿದೆ, ನೀರನ್ನು ಇನ್ನೂ ಹೆಚ್ಚು ಹಾಕಿದೆ. ನಮ್ಮಂಥವರಿಗೆ ಕಷ್ಟ ಬಂದಾಗ ತಿಳಿಯುವುದು ಅಷ್ಟೇ. ಮಾಡುತ್ತಿದ್ದುದನ್ನೇ ಇನ್ನಷ್ಟು ಭಕ್ತಿಯಿಂದ ಮಾಡುವುದು.

ಅಷ್ಟರಲ್ಲಿ ತಿಕ್ಕಿ ತಿಕ್ಕಿ ಸವೆದಿತ್ತೋ ಏನೋ, ಕೊಡದ ತಳ ಸೋರತೊಡಗಿತು. ಬೆಸುಗೆ ಹಾಕಿಸಲು ಕಳಿಸಿದೆವು. ಅಲ್ಲಿ ಅದು ಎಷ್ಟೋ ದಿನ ಕುಳಿತಿತ್ತು. ಬೇರೆ ದಾರಿಯಿಲ್ಲದೆ ಅಟ್ಟದ ಮೇಲಿನ ಮಣ್ಣಿನ ಕೊಡ ಇಳಿಸಿದೆ. ಆ ವಾರವೇ ಉಳಿದೆರಡು ಮೀನುಗಳ ಪಟ್ಟೆ ಮೂಡತೊಡಗಿತು. ಒಂದು ಮಧ್ಯಾಹ್ನ ಕಂಬಳಿಯೊಳಗಿನಿಂದ ಟಿಕ್ ಅಂತ ಒಂದೇ ಸಪ್ಪಳ. ಅತ್ತೆ ಒಂದು ಬಟ್ಟಲು ಗಂಜಿ ಕುಡಿದರು. ನಾನು ಅಡುಗೆಮನೆಗೆ ಹೋಗಿ, ಉಪ್ಪಿನ ಮರಿಗೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಶಿವ ಕಣ್ಣು ತೆರೆದ ಅಂದುಕೊಂಡೆ.

ಕೊಡ ಬೆಸುಗೆಯಾಗಿ ಬಂತು. ಸಂತೋಷದಿಂದ ಮತ್ತೆ ಅದರಲ್ಲೇ ನೀರು ಹಾಕಿದೆ. ಒಂದೆರಡು ದಿನದಲ್ಲಿ ಮೀನು ಮತ್ತೆ ಮೇಲೆ ಬಂದು ಬಾಯಿ ತೆರೆದವು. ಕೊಡ ಸೊಂಟದ ಮೇಲೆ ಇದ್ದಂತೆಯೇ ನಿಂತುಬಿಟ್ಟೆ. ಅದು ಮನೆ ಬಿಟ್ಟಾಗ ಉಂಡವು, ಮನೆಗೆ ಬಂದಾಗ ಬಿಟ್ಟವು. ಇದನ್ನು ತಿಳಿಯಲು ಓದು ಬೇಕಿರಲಿಲ್ಲ. ಅವತ್ತಿನಿಂದ ಮಣ್ಣಿನ ಕೊಡದಲ್ಲೇ ನೀರು ಹಾಕಿದೆ. ಅತ್ತೆಗೆ ಹೇಳಲಿಲ್ಲ. ಹೇಗೆ ಹೇಳಲಿ?

ಆದರೆ ಮಲಗಿದವರ ಕಿವಿ ದೊಡ್ಡದು. ಒಂದು ಬೆಳಿಗ್ಗೆ ನೀರು ಹೊಯ್ಯುತ್ತಿದ್ದಾಗ ಅತ್ತೆ ಕೇಳಿದರು:

"ಮಣ್ಣಿನ ಕೊಡ ಅಲ್ಲೇನು? ತಾಮ್ರದ್ದು ಖಣ್ ಅಂತದ. ಇದು ಬುಳುಬುಳು ಅನ್ನಾಕತ್ತೈತಿ."

"ಹೌದ್ರಿ."

"ತಾಮ್ರದ್ದು ಬಂದು ಭಾಳ ದಿನ ಆತಲ್ಲ."

ನಾನು ಕೊಡ ಬಗ್ಗಿಸಿ ಉಳಿದ ನೀರು ಹೊಯ್ದೆ. ಅತ್ತೆ ತಳದ ಕಲ್ಲುಗಳನ್ನು ಬಹಳ ಹೊತ್ತು ನೋಡಿದರು.

"ಹಂಗಾರ ನನ್ನ ಮಾತೇ ಕೊಂದಿತು ಅವನ್ನ."

"ಹಂಗ ಅನಬ್ಯಾಡ್ರಿ ಅತ್ತಿ. ಯಾರಿಗೆ ಗೊತ್ತಿತ್ತು?"

"ಗೊತ್ತಿರಲಿಲ್ಲ. ಸಾಯೂ ಮುಂದ ಅವಕ್ಕೂ ಗೊತ್ತಿರಲಿಲ್ಲ. ಮಡಿ ನಂದಾತು, ಸಾವು ಅವಕ್ಕಾತು. ಹೋಗು, ಆ ಕೊಡ ಪೂಜಿಗೆ ಇಡು. ಇವಕ್ಕ ಮಣ್ಣಿಂದು ಸಾಕು. ನಾವೂ ಹೋಗೂದು ಮಣ್ಣಿಗೇ."

ಅವತ್ತು ಮೀನು ಉಂಡವು, ಅತ್ತೆ ಉಣ್ಣಲಿಲ್ಲ. ಮಾರನೆಯ ದಿನ ತಾವಾಗಿಯೇ ತಾಟು ಕೇಳಿದರು. ಆದರೆ ಆ ಮೊದಲಿನ ಚೂಪು ಮಾತು ಮತ್ತೆ ಬರಲಿಲ್ಲ. ಬೆನ್ನಿಗೆ ಹುಣ್ಣಾಯಿತು. ಮಾವನವರಿಗೆ ಮಣ್ಣು ಕೊಟ್ಟ ಹೊಲದಲ್ಲೇ ತಮಗೂ ಜಾಗ ಆಗಲಿ ಅಂತ ಒಂದೇ ಹಟ ಹಿಡಿದರು. ಭಾವನವರು ಕಾರು ತಂದರು. ಊರಿನಲ್ಲಿ ಭಾವನವರ ಹೆಂಡತಿ, ನನ್ನ ನೆಗೆಣ್ಣಿ ಇದ್ದಳು, ನನಗಿಂತ ಚೆನ್ನಾಗಿ ನೋಡಿಕೊಳ್ಳುವವಳು. ಹೊರಗೆ ಹೊತ್ತೊಯ್ಯುವಾಗ ಅತ್ತೆ ತೊಟ್ಟಿಯ ಹತ್ತಿರ ನಿಲ್ಲಿಸಲು ಹೇಳಿದರು.

"ನೀಲಾ, ಇವು ಉಂಡಾವೋ ಇಲ್ಲೋ ಅಂತ ನಂಗ ಅಲ್ಲಿ ಹೆಂಗ ತಿಳೀಬೇಕು?"

"ನಾ ಉಣಸ್ತೀನ್ರಿ ಅತ್ತಿ."

"ನೀ ಉಣಸ್ತಿ. ಅದು ಗೊತ್ತದ. ನಂಗ ತಿಳೀಬೇಕಲ್ಲ."

ನಾನು ಅವರ ಸೆರಗು ಸರಿಮಾಡಿದೆ. ಕಾರು ಹೋಯಿತು. ಮಧ್ಯಾಹ್ನದೊಳಗೆ ಉಣ್ಣಿಸುವ ಅವಸರ ಇನ್ನಿಲ್ಲವಲ್ಲ ಅಂತ ನಾನು ಕಂಬಳಿ ಮಡಚಿಟ್ಟೆ. ಮೀನುಗಳು ತಮ್ಮ ಹಳೆಯ ರೂಢಿಗೆ ಬಂದವು. ಸಂಜೆ ಮಬ್ಬಾದ ಮೇಲೆ ತಾವಾಗಿ ಬಂದು ಉಣ್ಣುತ್ತಿದ್ದವು.

ಈಗ ತಿಳಿಯಿತಲ್ಲ, ಬಸಪ್ಪನನ್ನು ನಾನು ಆ ಮಾತು ಯಾಕೆ ಕೇಳಿದೆ ಅಂತ.

ಅವನು ತಂಬಿಗೆ ಕೆಳಗಿಟ್ಟು ಬಾಯಿ ಒರೆಸಿಕೊಂಡ. "ಉಂಡ್ರವ್ವಾ. ದಿನಾ ಮುಂಜಾನೆ ಕೇಳವ್ರು, 'ಸಿರಸ್ಯಾಗ ಅವು ಉಂಡಾವೇನು?' ಅಂತ. ಯಾವು, ಏನು, ನಮಗೇನು ಗೊತ್ತು? ವಯಸ್ಸಾತು, ಬಾಯಿಗೆ ಬಂದದ್ದು ಅಂತಾರ ಅಂದ್ಕೊಂಡು ನಿಮ್ಮ ನೆಗೆಣ್ಣಿ 'ಉಂಡಾವ್ರಿ ಅತ್ತಿ, ಹೊಟ್ಟಿ ತುಂಬ ಉಂಡಾವ' ಅಂತಿದ್ರು. ಹಂಗಂದ್ರ ಗಂಜಿಗೆ ಬಾಯಿ ತೆಗೀತಿದ್ರು. ಇವತ್ತ ಮುಂಜಾನೆನೂ ಕೇಳಿದ್ರು. 'ಉಂಡಾವ' ಅಂದ್ರು. ಎರಡ ಗುಟುಕು ಇಳೀತು. ಆಮ್ಯಾಲ ಗ್ವಾಡಿ ಕಡೆ ಮುಖ ಹೊಳ್ಳಿಸಿ ಕಣ್ಣು ಮುಚ್ಚಿದ್ರು. ಮಲಗ್ಯಾರ ಅಂತ ತಿಳದ್ವಿ."

ಹಸಿದು ಹೋಗಲಿಲ್ಲ. ಶಿವನೇ, ಅದಕ್ಕೆ ನಿನಗೆ ಶರಣು. ನೆಗೆಣ್ಣಿಗೂ ಶರಣು, ಗೊತ್ತಿಲ್ಲದೆಯೇ ಆಕೆ ಅತ್ತೆಯನ್ನು ಅಷ್ಟು ದಿನ ಉಳಿಸಿದಳು. ಆದರೆ ನನ್ನ ಮನಸ್ಸು ಅಲ್ಲಿಗೆ ನಿಲ್ಲಲಿಲ್ಲ. ಇವತ್ತು ಮುಂಜಾನೆ ಅವು ಉಂಡಿರಲಿಲ್ಲ. ಉಣ್ಣುವುದು ಸಂಜೆಗೆ. ಸಂಜೆಯ ಹೊತ್ತಿಗೆ ಅತ್ತೆ ಮಣ್ಣಲ್ಲಿರುತ್ತಾರೆ. ಹುಟ್ಟಿದಾಗಿನಿಂದ ನಡೆಸಿದ ನೇಮ ಕಡೆಯ ದಿನ ಹಾಗೆ ಮುರಿದು ಹೋಗುವುದೇ?

ಎದ್ದೆ. ಹುಣಸೆಯ ಹುಳಿ ಒಂದಿಷ್ಟೂ ಉಳಿಯದಂತೆ ಕೈ ತೊಳೆದುಕೊಂಡೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಸಂಜೆಗೆಂದು ಬೆಳಿಗ್ಗೆಯೇ ಬೇಯಿಸಿಟ್ಟ ಉಂಡೆ ಇದ್ದದ್ದು ಪುಣ್ಯ. ಪೆಟ್ಟಿಗೆಯಿಂದ ಕರಿ ಕಂಬಳಿ ತೆಗೆದು ತೊಟ್ಟಿಯ ಮೇಲೆ ಹೊದಿಸಿದೆ. ಕೊಳವೆಯಿಂದ ಉಂಡೆ ತಳಕ್ಕೆ ಬಿಟ್ಟೆ. ಅತ್ತೆಯ ಹಾಸಿಗೆ ಇದ್ದ ಜಾಗದಲ್ಲಿ, ಬರೀ ನೆಲದ ಮೇಲೆ, ಎಡಮಗ್ಗಲಿಗೆ ಮಲಗಿ ಕಂಬಳಿಯ ಅಂಚು ಎತ್ತಿದೆ.

ಬಹಳ ಹೊತ್ತು ಏನೂ ಇಲ್ಲ. ಇಷ್ಟು ದಿನದ ಮೇಲೆ ಮತ್ತೆ ಹಗಲುಗತ್ತಲು. ಅವಕ್ಕೂ ನಂಬಿಕೆ ಬರಬೇಕಲ್ಲ. ಬಾಗಿಲಲ್ಲಿ ಬಸಪ್ಪ ಇಣುಕಿ ನೋಡಿ, ನಾನು ದುಃಖಕ್ಕೆ ಬಿದ್ದುಕೊಂಡಿದ್ದೇನೆ ಅಂದುಕೊಂಡು ಹಿಂದೆ ಸರಿದ. ಆಮೇಲೆ ಕಲ್ಲಿನ ಸಂದಿನಿಂದ ಎರಡು ಮೀಸೆ ಬಂದವು. ಮರಳು ಮುಟ್ಟಿದವು. ಆ ಮೀನಿನ ಹಿಂದೆ ಇನ್ನೊಂದು.

ಟಿಕ್. ಟಿಕ್.

"ಉಂಡಾವ್ರಿ ಅತ್ತಿ," ಅಂದೆ, ಗಟ್ಟಿಯಾಗಿಯೇ.

ಅವು ಉಂಡು ಸಂದಿಗೆ ಹೋಗುವವರೆಗೂ ಮಲಗಿದ್ದೆ. ಎದ್ದು ಕಂಬಳಿ ಕೊಡವಿ ಮಡಚಿಟ್ಟೆ. ಕಾರು ಇನ್ನೂ ಬಂದಿರಲಿಲ್ಲ. ಹಿತ್ತಲಿಗೆ ಹೋದೆ. ಕೊಡದ ಮೇಲೆ ಹುಣಸೆಹಣ್ಣು ಒಣಗಿ ಹಿಡಿದುಕೊಂಡಿತ್ತು. ಅದಕ್ಕೆ ನೀರು ಚಿಮುಕಿಸಿ, ಉಳಿದರ್ಧ ತಿಕ್ಕಲು ಕುಳಿತೆ.